ಬಾನೆಟ್ಟಿಗೆ ಗಾದಿ

ಮೂವತ್ತೆರಡು ವರ್ಷ ಗಾದಿ ಹೊಲಿದಿದ್ದೇನೆ,
ಬಾಣಂತಿಗೆ, ಮದುಮಕ್ಕಳಿಗೆ, ಲಾಡ್ಜಿಗೆ,
ಒಮ್ಮೆ, ನಗಬೇಡಿ, ಸೊಂಟ ಬಿದ್ದ ಎತ್ತಿಗೂ.
ಬೆಚ್ಚಗಿಡು ಎಂದೇ ಎಲ್ಲರೂ ಕೇಳಿದ್ದು.
ಹಾಲೇಶಪ್ಪನೊಬ್ಬ ಬಂದು
ಮಂಡಕ್ಕಿ ಭಟ್ಟಿಯ ಹೊಗೆ ಮೆತ್ತಿದ ಮೆಟಡೋರನ್ನು
ಅಂಗಡಿ ಬಾಗಿಲಿಗೇ ಅಡ್ಡ ನಿಲ್ಲಿಸಿ ಕೂಗಿದ:
"ಚಮನ್‌ಸಾಬ್ರೆ, ಇದಕ್ಕೊಂದು ಗಾದಿ ಹೊಲೀರಿ.
ಬಿಸಿ ಒಳಗೇ ಇರ್ಬೇಕು, ಸದ್ದೂ ಒಳಗೇ ಸಾಯ್ಬೇಕು."
ಕೂಗಬೇಕಾಗಿರಲಿಲ್ಲ. ಎಂಜಿನ್ ಆಫ್ ಆಗಿತ್ತು.

ಎಂಬತ್ತೈದರ ಗಾಡಿ. ಡ್ರೈವರನ ಎಡಕ್ಕೆ,
ಪಡಸಾಲೆ ನಡುವೆ ಒಲೆ ಹೂಡಿದಂತೆ, ಎಂಜಿನ್ನು.
ಅದಕ್ಕೊಂದು ತಗಡಿನ ಮುಚ್ಚಳ,
ಮುಚ್ಚಳದ ಮೇಲೆ ಎರಡು ಮಡಿಕೆ ಗೋಣಿ,
ಗೋಣಿಯ ಮೇಲೆ ಕೊಟ್ರಮ್ಮ,
ಜಗಳೂರಿಗೆ, ಹರಪನಹಳ್ಳಿಗೆ, ಸಂತೆಯಿಂದ ಸಂತೆಗೆ
ರೊಕ್ಕದ ಚೀಲ ತೊಡೆಯಲ್ಲಿಟ್ಟುಕೊಂಡು.
ಹಿಂದೆ ತುಂಬಿದ್ದು ಬರೀ ಮಂಡಕ್ಕಿ.
ಹೊರೆ ಹಗುರಾದಷ್ಟೂ ಗಾಡಿಗೆ ಬಾಯಿ ಜೋರು.
ಅವನ ಎಡಮೊಣಕಾಲು ಸುಟ್ಟ ಬದನೆಕಾಯಿ ಬಣ್ಣ.

ಹತ್ತಿ ಬೇಡ ಅಂದೆ.
ಹತ್ತಿ ನಮ್ಮಜ್ಜನ ಅನ್ನ,
ದಾವಣಗೆರೆಯ ಅರ್ಧ ಊರು ಮಲಗಿದ್ದು ಅವನು ಹಿಂಜಿದ ಅರಳೆಯ ಮೇಲೆ.
ಆದರೂ, ಎಣ್ಣೆ ಕುಡಿದ ಹತ್ತಿಗೆ ಬತ್ತಿ ಅಂತಾರೆ, ಗಾದಿ ಅನ್ನಲ್ಲ.

ಸೀಮೆಎಣ್ಣೆಯಲ್ಲಿ ತಗಡು ತೊಳೆದೆ. ಜಿಡ್ಡಿನಲ್ಲಿ
ಒಂದು ಹೇರ್‌ಪಿನ್ನು, ಕರಕಲಾದ ನಾಲ್ಕು ಕಾಳು ಮಂಡಕ್ಕಿ.
ಒಳಮೈಗೆ ಡಾಂಬರು ಹಾಳೆ ಕಾಯಿಸಿ ಒತ್ತಿದೆ;
ಬೆರಳಲ್ಲಿ ಬಡಿದರೆ ಠಣ್ ಎನ್ನುತ್ತಿದ್ದದ್ದು
ದಬ್ ಎಂದಿತು, ಹಿಟ್ಟಿನ ಡಬ್ಬಿಯ ಹಾಗೆ.
ಅದರ ಮೇಲೆ ಗಾಜಿನ ಉಣ್ಣೆ.
ಎರಡು ದಿನ ಕೈಯೆಲ್ಲ ತುರಿಕೆ, ಮನೆಯಾಕೆ
ಕೊಬ್ಬರಿಎಣ್ಣೆ ಹಚ್ಚುತ್ತ ಬೈದಳು, ಬೈಯುತ್ತ ಹಚ್ಚಿದಳು.
ಎಂಜಿನ್ನಿಗೆ ಮುಖ ಮಾಡಿ ಬೆಳ್ಳಿಹಾಳೆ,
ಅದರ ಬಿಸಿ ಅದಕ್ಕೇ ವಾಪಸು ಹೋಗಲಿ ಎಂದು.
ತಂತಿಯಲ್ಲಿ ಹೊಲಿದೆ. ಗಂಟು ಮಾತ್ರ ಗಾದಿಯದೇ.

ಸ್ಟಾರ್ಟ್ ಮಾಡಿದ. ಸದ್ದು ಇಳಿದಿತ್ತು, ಅರ್ಧ.
"ಇನ್ನೂ ದಪ್ಪ ಮಾಡ್ರಿ."
ದಪ್ಪದ ಮಾತಲ್ಲ ಇದು.
ಊದುಬತ್ತಿ ಹಚ್ಚಿ ಮುಚ್ಚಳದ ಅಂಚಿಗೆ ಹಿಡಿದೆ,
ಹೊಗೆ ಬೆಚ್ಚಿದಲ್ಲೆಲ್ಲ ಸೀಮೆಸುಣ್ಣದ ಗೀಟು.
ಸದ್ದೂ ಇಲಿಯೂ ಒಂದೇ ಜಾತಿ:
ಗೋಡೆ ಎಷ್ಟು ದಪ್ಪ ಅಂತ ಕೇಳೋದಿಲ್ಲ,
ಸಂದು ಎಲ್ಲಿ ಅಂತ ಕೇಳುತ್ತೆ.
ಅಂಚಿಗೆ ರಬ್ಬರ್ ಪಟ್ಟಿ, ನಾಲ್ಕು ಹೊಸ ಚಿಲಕ.

ಇನ್ನೇನು ರೆಕ್ಸಿನ್ ಹೊದಿಸಬೇಕು,
ಹಾಲೇಶಪ್ಪ ತಗಡಿನ ಮೇಲೆ ಅಂಗೈ ಊರಿದ.
"ಇಷ್ಟು ಜಾಗ ಬಿಡ್ರಿ."
ಮೀಟರು ಸತ್ತು ಹದಿನೆಂಟು ವರ್ಷವಂತೆ.
ನೀರು ಕಡಿಮೆಯಾದದ್ದು, ಕುದಿ ಬರುವ ಹೊತ್ತು,
ಎಲ್ಲ ಈ ಕೈಗೇ ಮೊದಲು ಗೊತ್ತಾಗೋದಂತೆ.
"ಪೂರಾ ಮುಚ್ಚಿದ್ರ ನನಗ ಕಣ್ಣು ಕಟ್ಟಿದಂಗ."
ಮೂರು ದಿನದ ಹೊಲಿಗೆ. ಬಾಯಿಗೆ ಬಂದದ್ದು ನುಂಗಿದೆ,
ಅಂಗಿ ಹೊಲಿಯುವವನ ಹಾಗೆ ಕೈ ಸುತ್ತ ಸುಣ್ಣ ಎಳೆದೆ.
ಉಂಗುರದ ಬೆರಳು ಅರ್ಧವೇ ಇತ್ತು,
ಫ್ಯಾನ್ ಬೆಲ್ಟು ತಿಂದದ್ದು. ಅಳತೆ ಹಾಗೇ ತೆಗೆದೆ.
ಮತ್ತೆ ಬಿಚ್ಚಿ, ಒಳಗಿನಿಂದಲೂ ಅಷ್ಟನ್ನೇ ಕೊಯ್ದೆ.

ಆನಗೋಡಿನ ತನಕ ಓಡಿಸಿ ನೋಡಿದೆವು.
ನಾನು ಹಿಂದೆ, ಮಂಡಕ್ಕಿ ಚೀಲಗಳ ನಡುವೆ.
ಹೆದ್ದಾರಿಯಲ್ಲಿ ಮೊದಲ ಬಾರಿ ಟೈರಿನ ಸದ್ದು,
ವೈಪರಿನ ಕಿರಿಕಿರಿ, ಕೊಟ್ರಮ್ಮನ ಬಳೆ.
ಎಷ್ಟೋ ಹೊತ್ತಿನ ಮೇಲೆ ಅವಳು ಏನೋ ಅಂದಳು,
ಕೂಗದೆ,
ಮನೆಯಲ್ಲಿ ದೀಪ ಆರಿಸಿದ ಮೇಲೆ ಆಡುವ ದನಿಯಲ್ಲಿ.
ಅವನು ರಸ್ತೆ ನೋಡುತ್ತಿದ್ದ.
ಇನ್ನೊಮ್ಮೆ ಅಂದಳು. ರಸ್ತೆಯನ್ನೇ ನೋಡುತ್ತಿದ್ದ.
ನನಗೆ ಕೇಳಿಸಿತು. ಹೇಳಲಾರೆ:
ಗಾದಿ ಹೊಲಿದವನು ಗಾದಿ ಮೇಲಿನ ಮಾತು
ಹೊರಗೆ ಆಡಬಾರದು, ಅದು ನಮ್ಮ ಕಸುಬಿನ ಕಟ್ಟಳೆ.

ಆಮೇಲೆ ಅವಳು ರೊಟ್ಟಿ ಡಬ್ಬಿ ತೆಗೆದು
ಆ ಅಂಗೈ ಜಾಗದಲ್ಲಿ ಬಿಸಿಗಿಟ್ಟಳು.
ಅವನ ಕೈ ಬಂತು, ತಡವಿತು, ಡಬ್ಬಿ ಸರಿಸಿತು.
ಅವಳು ಮತ್ತೆ ಇಟ್ಟಳು. ಅವನು ಮತ್ತೆ ಸರಿಸಿದ.
ಊರು ಬರುವ ತನಕ ಇದೇ.

ಅಂಗಡಿ ಮುಂದೆ ಇಳಿದು, ಎಷ್ಟಾತು ಅಂತ ಕೂಗಿದ.
ಹೇಳಿದೆ. ಎಷ್ಟು? ಅಂದ.
ಅವನ ಎಡಕ್ಕೆ ನಿಂತಿದ್ದೆ.
ಸುತ್ತಿ ಬಲಕ್ಕೆ ಹೋಗಿ,
ಇನ್ನೂರು ಕಡಿಮೆ ಮಾಡಿ ಹೇಳಿದೆ.