ತಳಕ್ಕ ಕೂತದ್ದು

ಕೊಲ್ಹಾರ ಇನ್ನ ನಾಕು ಕಿಲೋಮೀಟರ್ ಇತ್ತು.
ಗಾಡಿ ಕೆಮ್ಮಿತು. ಬಿಳೇ ಹೊಗಿ ಬಿಟ್ಟಿತು.
ಆಮ್ಯಾಲ ಹೆಡ್‌ಲೈಟಿನ ಮುಂದ ಹುಳ ಹಾರೋ ಸಪ್ಪಳ ಅಷ್ಟ.
ಹಿಂದ ತಿಕೋಟಾದ ಒಣದ್ರಾಕ್ಷಿ, ಎಂಟುನೂರು ಬಾಕ್ಸು.
ಹುಬ್ಬಳ್ಳಿ ಸೇಠ ಬೆಳಗಿನ ಆರು ಅಂದಿದ್ದ.

ಜಲ್ಲಿ ಟಿಪ್ಪರಿನಾವ ಸರಪಳಿ ಕಟ್ಟಿ ಎಳಕೊಂಡು ಬಂದ.
ಮೊಸರಿನ ಗಡಿಗಿ ಅಂಗಡಿ ಎಲ್ಲಾ ಮುಚ್ಚಿದ್ವು,
ಲಾಡ್ಲೇಸಾಬನ ಶೆಡ್ಡಿನಾಗ ಒಂದ ಬಲ್ಬು.
ನಾ ಬಂಕಿನವನ ಏಳು ತಲಿ ಎಣಿಸಿ ಬೈದೆ.
ಅವ ಕೇಳಲಿಲ್ಲ. ಅವಗ ಬೇಕಾದದ್ದು
ಒಂದು ಗಾಜಿನ ಬಾಟ್ಲಿ.

ಫಿಲ್ಟರಿನ ಬುಡದ ಕಾಕು ಸಡಲಿಸಿ ಹಿಡದ.
ಟಾರ್ಚು ಹಲ್ಲಾಗ ಕಚ್ಚಿ, ಬಾಟ್ಲಿ ಎತ್ತಿದ.
ಮ್ಯಾಲ ಜೇನಿನ ಬಣ್ಣ, ಕೆಳಗ ತುಕ್ಕು ಕಲಸಿದ ನೀರು,
ನಡುವ ಒಂದು ಗೆರಿ,
ಜಗಳಾಡಿ ಹೊಲ ಹಂಚಿಕೊಂಡ ಅಣ್ಣತಮ್ಮರ ಬದುವಿನಂಥಾದ್ದು.
‘ಎಷ್ಟರ ಕುಲುಕು, ಕಡೀಕ ಕೆಳಗ ಬರೋದು ನೀರ.
ಗಡಿಬಿಡಿ ಮಾಡಬ್ಯಾಡ. ಟ್ಯಾಂಕಿನಾಗಿಂದೂ ತಳಕ್ಕ ಕುಂಡರಲಿ.’

ಎರಡು ತಾಸು ಕುಂಡರಿಸಿದ್ವಿ.
ಬೀಡಿ ಹಚ್ಚಾಕ ಅವ ರಸ್ತೆ ಆಚೆ ಹ್ವಾದ, ನಾನೂ ಹ್ವಾದೆ.
ಅಲ್ಲಿಂದ ಹಿನ್ನೀರು ಕಾಣತೈತಿ, ಹಗಲಾಗಿದ್ರ.
‘ಅಪ್ಪನ ಗ್ಯಾರೇಜು ಅಲ್ಲೇ ಐತಿ, ಒಳಗ,’ ಅಂದ.
‘ಮೊದಲ ಪಾನಾ ಸಾಗಿಸಿದ್ವಿ, ಆಮ್ಯಾಲ ಬಾಗಿಲಾ ಕಿತ್ತಿದ್ವಿ.
ನೀರು ಹ್ಯಾಂಗ ಬಂತು ಗೊತ್ತೇನು?
ಬಡಿಯಂಗಿಲ್ಲ, ಕರಿಯಂಗಿಲ್ಲ.
ಮುಂಜಾನೆ ನೋಡಿದ್ರ ಹೊಸ್ತಿಲ ದಾಟಿ ಕೂತಿತ್ತು,
ಬೀಗರಂಗ.’

ಹೊಳೆಬಸು, ನನ್ನ ಕ್ಲೀನರ್, ಟೈರಿಗೆ ಆತು ನಿಂತಿದ್ದ.
‘ಅಣ್ಣಾ, ಅಮಾಸಿ ದಿನ ತೊಳದೆ.
ಪ್ರೆಶರ್ ಪೈಪು ಹಿಡದು. ಟ್ಯಾಂಕಿನ ಮ್ಯಾಲೂ.’
ನನಗ ನೆನಪೈತಿ:
ನಿಂಬಿಹಣ್ಣು ಕಟ್ಟಿದ್ದ, ಬಂಪರಿಗೆ ಭಂಡಾರ ಹಚ್ಚಿದ್ದ,
ಕನ್ನಡಿಯಾಗ ತನ್ನ ಹಲ್ಲು ಕಾಣೋತನ ಒರಸಿದ್ದ.
ನೆನಪಿದ್ದೂ ಕೈ ಎತ್ತಿದೆ.
ಎತ್ತಿದ್ದು ಇಳೀತು, ಗಲ್ಲದ ಮ್ಯಾಲ.
ಹುಡುಗ ಏನೂ ಅನ್ನಲಿಲ್ಲ,
ಟಾರ್ಚು ನೆಲಕ್ಕ ಬಿದ್ದಿತ್ತು, ಎತ್ತಿ ಒರಸಿದ.

ಲಾಡ್ಲೇಸಾಬ ಟ್ಯಾಂಕಿನ ಮುಚ್ಚಳ ತಗದ, ತಿರುವಿ ನೋಡಿದ.
‘ಇದರ ರಬ್ಬರ್ ವೈಸರ್ ಎಲ್ಲಿ?’
ವೈಸರ್ ಇರಲಿಲ್ಲ.
ಅದರ ಜಾಗಾದಾಗ ನಾಕು ಮಡಿಕಿ ಮಾಡಿದ ಚಿಂದಿ,
ಹಸರು ಚೌಕಳಿ.
ನನ್ನ ಲುಂಗಿ.
ಶ್ರಾವಣದಾಗ ಸಿಂದಗಿ ಹತ್ತರ ತುರುಕಿದ್ದೆ.
ವೈಸರಿಗೆ ನಲವತ್ತು ರೂಪಾಯಿ,
ನಾಳೆ ತರೋಣಂತ.

ಅವ ಏನೂ ಕೇಳಲಿಲ್ಲ. ಚಿಂದಿ ಹಿಂಡಿ ಬೋನೆಟ್ಟಿನ ಮ್ಯಾಲಿಟ್ಟ.
ಟ್ಯಾಂಕಿನ ತಳದ ಬೋಲ್ಟು ಬಿಚ್ಚಿದ:
ಮೊದಲ ಬರೇ ನೀರು,
ಆಮ್ಯಾಲ ಎರಡೂ ಕೂಡಿ, ಹಾಲು ಒಡದಂಗ,
ಆಮ್ಯಾಲ ಸಣ್ಣ ಎಳಿ. ಬೆರಳಿಗೆ ಬೆರಳು ತಿಕ್ಕಿದ.
‘ಜಾರಬೇಕು. ಒದ್ದಿ ಅನ್ನಿಸಬಾರದು.’

ಎರಡೂ ಫಿಲ್ಟರ್ ಹೊಸಾವು.
ಹುಡುಗ ಕೈಪಂಪು ಒತ್ತಿದ, ನೂರಾ ಎಂಬತ್ತು ಸಲ,
ಬಾಯಾಗ ಎಣಿಸಿಕೋತ.
ಸಡಲಿಸಿದ ಬೋಲ್ಟಿನ ಸುತ್ತ ನೊರಿ, ನೊರಿ,
ಗುಳ್ಳಿ ಒಂದೊಂದ ಒಡದು ನೊರಿ ನಿಂತಿತು.
ಆರು ನೋಜಲ್ ಪೈಪು ಒಂದೊಂದ ಸಡಲಿಸಿ, ಗಾಳಿ ಬಿಟ್ಟು, ಬಿಗದ.
ಮೂರನೇ ಸೆಲ್ಫಿಗೆ ಬಡಕೊಂಡಿತು,
ಮೈಯೆಲ್ಲಾ ನಡುಗಿಸಿ, ಆಮ್ಯಾಲ ಸಮಾ ಆತು.
ಅಷ್ಟ ಡೀಸೆಲ್ ಸುರದ ಕೈಲೆ ರೊಕ್ಕ ಎಣಿಸಿಕೊಂಡ,
ವೈಸರಿಂದು ಬ್ಯಾರೇ ಹಿಡದ.

ಹಿಂದಿನ ಒಂದು ಬಾಕ್ಸಿನ ಮೂಲಿ ಹರದಿತ್ತು.
ಸೇಠಗ ಲೆಕ್ಕ ಕೊಡೋದು ನಾನ.
ಒಂದು ಮುಟಿಗಿ ತಗದು ಹುಡುಗನ ಕೈಯಾಗ ಸುರವಿದೆ.
ಇನ್ನೊಂದು ಮಾತು ಇತ್ತು, ಗಂಟಲಾಗ,
ಪೈಪಿನಾಗ ಸಿಕ್ಕ ಗಾಳಿಯಂಗ.

ಸೇತುವೆ ಉದ್ದ. ಕತ್ತಲಾಗ ಇನ್ನೂ ಉದ್ದ.
ನಾ ಎಂಜಿನ್ನಿನ ದನಿ ಕೇಳಿಕೋತ ಕೂತೆ,
ಒಂದು ಬಡಿತ ತಪ್ಪಿದ್ರೂ ತಿಳೀತಿತ್ತು.
ಹುಡುಗ ಕಾಜು ಇಳಿಸಿ ಕಡ್ಡಿ ಹೊರಗ ಉಗುಳಿದ.
‘ಸಿಹಿ ಅದಾವು,’ ಅಂದ.
ಪೆಟ್ಟು ಬಿದ್ದ ಗಲ್ಲ ಹೊಳಿ ಕಡೆ ಇತ್ತು.
ನನಗ ಕಾಣಲಿಲ್ಲ.