ಹದಿನೇಳರಲ್ಲಿ ಎರಡು

ಎರಡು ನಾಲ್ಕು ಬಂದಿವೆ.
ಒಂದು ಆಟೀನು, ಒಂದು ಕಳಾವರ್.
ಅಂಚು ಮಾತ್ರ ಎತ್ತಿ ನೋಡಿ ಮತ್ತೆ ಮಲಗಿಸಿದ್ದೇನೆ
ಕೂಸಿನ ಹೊದಿಕೆ ಸರಿಮಾಡಿದ ಹಾಗೆ.

ಗ್ರಿಮ್ಸ್‌ಬಿ. ಗುರುವಾರ. ಟೈರ್ ಅಂಗಡಿಯ ಮೇಲಿನ ಕೋಣೆ.
ಕಿಟಕಿಯಾಚೆ ಬಂದರಿನ ಕ್ರೇನು, ಮಂಜಿನಲ್ಲಿ ಅರ್ಧ ಇದೆ, ಅರ್ಧ ಇಲ್ಲ.
ಹೀಟರಿನ ಒಂದೇ ಸರಳು ಕೆಂಪಗೆ ಉರಿಯುತ್ತಿದೆ.
ಎಷ್ಟು ತೊಳೆದರೂ ನನ್ನ ಕೈಗೆ ಹ್ಯಾಡಕ್ ಮೀನಿನ ವಾಸನೆ.
ಮೀನು ಮುಟ್ಟದ ಮನೆಯವಳು, ಎಂಟು ವರ್ಷದಿಂದ
ಪಾಳಿಗೆ ನಾಲ್ಕು ಸಾವಿರ ತುಂಡು ತೂಗುತ್ತೇನೆ.
ತಕ್ಕಡಿ ಹೇಳುವ ಮೊದಲೇ ಅಂಗೈ ಹೇಳುತ್ತದೆ,
ಇದು ಹತ್ತು ಗ್ರಾಂ ಕಡಿಮೆ ಅಂತ.

ಮುದುಕ ವಿಲ್ಫ್ ಆರು ಪೌಂಡಿಗೆ ಏರಿಸಿದ್ದಾನೆ.
ಟ್ರಾಲರ್ ಹತ್ತಿ ಐಸ್‌ಲ್ಯಾಂಡಿನ ತನಕ ಹೋಗಿಬಂದವನು,
ಎಡಗೈಗೆ ಬೆರಳು ಮೂರು.
ಅವನು ಏರಿಸಿದರೆ ಅದರಲ್ಲಿ ಸುಳ್ಳಿರುವುದಿಲ್ಲ.
ಮುಂದೆ ಉಳಿದಿರುವ ಬಿಲ್ಲೆ ಮೂವತ್ತೊಂದು.
ನಾನು ಎಣಿಸಲಿಲ್ಲ, ಕಣ್ಣಲ್ಲೇ ತೂಗಿದೆ.

ಈಗ ನನ್ನ ಸರದಿ.

ಜೋಡಿ ಚಿಕ್ಕದು. ಯಾವ ಗುಲಾಮನಾದರೂ ತುಳಿದು ದಾಟಿಯಾನು.
ಇನ್ನೊಂದು ನಾಲ್ಕು ಬರಬೇಕು,
ಮೇಜಿಗೆ ಬೀಳುವ ಮೊದಲ ಮೂರು ಎಲೆಯಲ್ಲೇ ಬರಬೇಕು.
ಹದಿನೇಳು ಸಲ ಕಾದರೆ ಎರಡು ಸಲ ಬರುತ್ತದೆ.
ಹದಿನೈದು ಸಲ ಆರಾರು ಪೌಂಡು: ತೊಂಬತ್ತು ಹೋಯಿತು.
ಬಂದ ಎರಡು ಸಲವೂ ಅವನ ಗಂಟೆಲ್ಲ ಬಾಚಿಕೊಂಡೆ ಅನ್ನಿ,
ಮೊದಲೇ ಬಿದ್ದ ಚಿಲ್ಲರೆ ಸೇರಿ ಎಪ್ಪತ್ತೆಂಟು.
ಹನ್ನೆರಡು ಕೈಯಿಂದ.

ಅವನ ಮುಂದೆ ಇನ್ನೂರು ಇದ್ದಿದ್ದರೆ ಯೋಚಿಸುತ್ತಲೇ ಇರಲಿಲ್ಲ.
ಸಣ್ಣ ಜೋಡಿಗೆ ಆಳವಾದ ಜೇಬು ಬೇಕು, ಎದುರಿನವನದು.
ಪಾಪ ಅನ್ನಿಸಿ ಬಿಡುತ್ತಿದ್ದೇನೆಯೆ? ಇಲ್ಲ.
ಇದ್ದರೂ, ಲೆಕ್ಕವೂ ಅದನ್ನೇ ಹೇಳುತ್ತಿರುವಾಗ
ಪಾಪವನ್ನು ಬೇರೆ ತೂಗುವುದು ಹೇಗೆ?

ದೀಪಾವಳಿ ರಾತ್ರಿ ರಮ್ಮಿಗೆ ಕೂತರೆ
ನಮ್ಮ ಚಿಗವ್ವ ಹತ್ತರಲ್ಲಿ ಆರು ಆಟ ಡ್ರಾಪ್ ಅನ್ನುತ್ತಿದ್ದಳು,
ಎಲೆಅಡಿಕೆ ಕೆನ್ನೆಗೆ ಸರಿಸಿ:
"ಜೋಕರ್ ನಂಬಿ ಕುಂತಾಕಿ ಫುಲ್ ಕೌಂಟ್ ಕೊಟ್ಟು ಎದ್ದಾಳವಾ."
ಬೆಳಗಾಗುವ ಹೊತ್ತಿಗೆ ಅವಳ ಮಡಿಲಲ್ಲಿ ನಾಣ್ಯ,
ನಮ್ಮೆಲ್ಲರ ಕಣ್ಣಲ್ಲಿ ನಿದ್ದೆ.

ನನ್ನ ನಂತರ ಉಳಿದವನು ಕೀರನ್ ಒಬ್ಬ. ನಾನೂರು ಇದೆ.
ಅವನು ಬಂದರೆ ಲೆಕ್ಕ ತಲೆಕೆಳಗು,
ನನ್ನ ನಾಲ್ಕುಗಳಿಗೂ ಒಂದು ದಾರಿ.
ಆದರೆ ಎಲೆ ಆಗಲೇ ಮುಂದಕ್ಕೆ ತಳ್ಳಿದಂತಿದೆ,
ಕಣ್ಣು ಫೋನಿನ ಮೇಲೆ, ಒಂದು ತೋಳು ಜಾಕೆಟ್ಟಿನೊಳಗೆ.
ಹೋಗುವವನು. ಹತ್ತು ಗ್ರಾಂ ಕಡಿಮೆ.

"ನಿನ್ನದೇ ಕಾಯ್ತಿರೋದು, ನೀಲ್."
ನೀಲಗಂಗಾ ಇಲ್ಲಿ ನೀಲ್ ಆಗಿದ್ದಾಳೆ, ಗಂಡಸಿನ ಹೆಸರು.
ಎರಡೂ ಎಲೆ ಮಗುಚಿದಂತೆಯೇ ಸರಿಸಿದೆ.

ಕೀರನ್ ಇನ್ನೊಂದು ತೋಳು ತೂರಿಸಿಕೊಂಡು
ಆರು ಪೌಂಡು ಒಳಗೆಸೆದ.
ಚಳಿ ಆಗಿತ್ತು, ಅಷ್ಟೇ.

ರಾಜ.
ಒಂಬತ್ತು.
ಇಸ್ಪೀಟಿನ ನಾಲ್ಕು.

ಲೆಕ್ಕ ತಪ್ಪಿಲ್ಲ. ಈಗಲೂ ತಪ್ಪಿಲ್ಲ.
ತಪ್ಪಿದ್ದು ಒಂದು ಜಾಕೆಟ್ಟು.
ನಾಲಿಗೆಗೆ ಮಾತ್ರ ಹಳೇ ಐದು ಪೈಸೆ ನೆಕ್ಕಿದ ರುಚಿ.

ವಿಲ್ಫ್ ಮೂವತ್ತೊಂದನ್ನೂ ದಬ್ಬಿದ. ಕೀರನ್ ಕೊಟ್ಟ.
ಮುದುಕನ ಬಳಿ ರಾಜನ ಜೊತೆ ಎಕ್ಕ, ಹುಡುಗನ ಬಳಿ ರಾಜನ ಜೊತೆ ರಾಣಿ.
ಕೊನೆಯ ಎರಡು ಎಲೆ ಯಾರಿಗೂ ಏನೂ ಮಾಡಲಿಲ್ಲ.
ಮೂರು ಬೆರಳಲ್ಲಿ ಅಷ್ಟು ಬಿಲ್ಲೆ ಹಿಡಿಯುವುದಿಲ್ಲ,
ಒಂದು ಉರುಳಿ ನನ್ನ ಮಂಡಿಗೆ ಬಂತು. ಎತ್ತಿಕೊಟ್ಟೆ.

"ನೀನೇನು ಬಿಸಾಕಿದೆ, ನೀಲ್? ಅಷ್ಟು ಹೊತ್ತು ಕೂತಿದ್ದೆ."

"ಏಳು, ಎರಡು," ಅಂದೆ.
"ರಂಗೂ ಬೇರೆ ಬೇರೆ."