ಸೀಟಿನಡಿ

ಬೈತಕೋಲ ಬಂದರಿಗೆ ನಸುಕಿಗೇ ಬಂದು ನಿಂತೆ,
ಹೆವಿ ಲೈಸೆನ್ಸು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಜೇಬಿನಲ್ಲಿ.
ತಾಂಡೇಲ ಸಾಹುಕಾರ ಅದನ್ನು ನೋಡಲೇ ಇಲ್ಲ.
‘ಐಸ್ ಫ್ಯಾಕ್ಟರಿ ಗೋಡೆಗೆ ರಿವರ್ಸ್ ತಗೋ’ ಅಂದ.
ಗೇಣು ಬಿಟ್ಟು ನಿಲ್ಲಿಸಿದೆ.
ಬಂಗಡೆ ಆರಿಸುತ್ತಿದ್ದ ಹೆಂಗಸರು ನಕ್ಕರೋ, ಒಪ್ಪಿದರೋ.

‘ಇವತ್ತೇ ಹುಬ್ಬಳ್ಳಿಗೆ. ಊಟದ ಭತ್ತೆ ಬೇರೆ.’

ಸೀಟಿನಡಿ ಒಂದು ಜೊತೆ ಚಪ್ಪಲಿ,
ಹೆಬ್ಬೆರಳಿನ ಗುರುತು ಆಳಕ್ಕೆ ಇಳಿದದ್ದು.
ಕಾಲಿಟ್ಟು ನೋಡಿದೆ, ನನ್ನಳತೆಯೇ.
‘ಯಾರದ್ದೋ ಇದು?’
ಕ್ಲೀನರ್ ಹುಡುಗ ಗಾಜು ಒರೆಸುತ್ತಿದ್ದ,
ಒರೆಸಿದ್ದನ್ನೇ.

ಅರಬೈಲು ಘಟ್ಟದ ಒಂದು ತಿರುವಿಗೆ
ಅವನೇ ಕೈ ಚಾಚಿ ಹಾರ್ನ್ ಒತ್ತಿದ,
ಉದ್ದಕ್ಕೆ, ಬಿಡದೆ.
ಎದುರಿಗೆ ಯಾವ ಗಾಡಿಯೂ ಇರಲಿಲ್ಲ.
ಹಿಂದೆ ಐಸು ಕರಗಿ ರಸ್ತೆಗೆ ತೊಟ್ಟಿಕ್ಕುತ್ತಿತ್ತು.
ನಾನು ಚಪ್ಪಲಿ ಬಿಚ್ಚಿ
ಬರಿಗಾಲಲ್ಲಿ ಬ್ರೇಕು ಮುಟ್ಟಿದೆ.